ಮೂವತ್ತು ಟನ್ನಿನ ತಪ್ಪು

ಕಲಬುರಗಿಯ ಕಾವು ಕಚೇರಿಯಲ್ಲಿ ಒಂದು ಗೋಡೆಯ ತುಂಬ ಊರಿನ ನಕ್ಷೆ ಬೆಳಗುತ್ತಿತ್ತು. ಒಂದೊಂದು ಗಲ್ಲಿಗೂ ಒಂದೊಂದು ಗೆರೆ. ನಸುಕಿನಲ್ಲಿ ಗೆರೆಗಳೆಲ್ಲ ಹಸಿರಾಗಿರುತ್ತಿದ್ದವು. ಹೊತ್ತು ಏರಿದಂತೆ ಹಳದಿಗೆ ತಿರುಗುತ್ತಿದ್ದವು. ಆ ವರ್ಷ ಏಪ್ರಿಲ್ ಎರಡನೇ ವಾರದಿಂದ ದಿನವೂ ಮಧ್ಯಾಹ್ನ ಎರಡೂ ಇಪ್ಪತ್ತರ ಸುಮಾರಿಗೆ ಒಂದು ಗೆರೆ ಮಾತ್ರ ಕೆಂಪಾಗತೊಡಗಿತು. ಅದು ಬಸ್ ನಿಲ್ದಾಣದ ಹಿಂದಿನ ಚಕ್ಕಡಿ ಗಲ್ಲಿ.

ಮೊದಲ ದಿನ ಆ ಕೆಂಪು ನೋಡಿದಾಗಲೇ ಕಚೇರಿಯ ಎಂಜಿನಿಯರ್ ಮಹಾನಂದಾ ನಕ್ಷೆಯ ಹತ್ತಿರ ಹೋಗಿ ಗಲ್ಲಿಯ ಹೆಸರು ಮತ್ತೊಮ್ಮೆ ಓದಿದಳು. ಚಕ್ಕಡಿ ಗಲ್ಲಿಯಲ್ಲಿ ದೊಡ್ಡ ತಂಪು ಯಂತ್ರ ಇದ್ದದ್ದು ಒಂದೇ ಕಟ್ಟಡದಲ್ಲಿ, ಕೃತಕ ಕಾಲು ಮಾಡುವ ಕಾರ್ಖಾನೆಯಲ್ಲಿ. ಆ ಕಟ್ಟಡಕ್ಕೆ ಎಷ್ಟು ದೊಡ್ಡ ಯಂತ್ರ ಬೇಕು ಎಂದು ಲೆಕ್ಕ ಹಾಕಿ ಸಹಿ ಮಾಡಿದವಳು ಅವಳೇ. ಅದಾಗಿ ನಾಲ್ಕು ವರ್ಷವಾಗಿತ್ತು.

ಕಾವು ಕಚೇರಿ ಹುಟ್ಟಿದ್ದು ಊರಿನವರು ಇಂದಿಗೂ 'ಕೆಟ್ಟ ಮೇ' ಎಂದು ಕರೆಯುವ ಒಂದು ಬೇಸಿಗೆಯಲ್ಲಿ. ಆ ಹೊತ್ತಿಗೆ ಅನುಕೂಲ ಇದ್ದವರೆಲ್ಲ ಮನೆಗೆ ಏಸಿ ಹಾಕಿಸಿಕೊಂಡಿದ್ದರು. ಏಸಿ ಎಂಬುದು ಕಾವನ್ನು ಕೊಲ್ಲುವುದಿಲ್ಲ. ಒಳಗಿನ ಕಾವನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ, ತನ್ನ ದುಡಿಮೆಯ ಕಾವನ್ನೂ ಅದಕ್ಕೆ ಸೇರಿಸುತ್ತದೆ. ಆರಡಿ ಅಗಲದ ಗಲ್ಲಿಗಳಲ್ಲಿ ಎದುರುಬದುರು ಮನೆಗಳ ಏಸಿ ಡಬ್ಬಿಗಳು ಒಂದರ ಮುಖಕ್ಕೆ ಇನ್ನೊಂದು ಬಿಸಿಗಾಳಿ ಊದಿದವು. ಬಾಗಿಲು ಹಾಕಿಕೊಂಡು ಒಳಗೆ ಕೂತವರು ಬದುಕಿದರು. ಯಂತ್ರ ಇಲ್ಲದ ಮನೆಗಳಿಂದ ಹನ್ನೊಂದು ದಿನ ಹೆಣ ಎತ್ತಿದರು. ಆಮೇಲೆ ಕಾಯ್ದೆ ಬಂತು: ಬೀದಿ ಎಲ್ಲರದು, ಪ್ರತಿ ಕಟ್ಟಡವೂ ತನ್ನ ಪಾಲಿನಷ್ಟೇ ಕಾವನ್ನು ಬೀದಿಗೆ ಬಿಡಬೇಕು. ಹೊರಗೋಡೆಗೆ ಮುಷ್ಟಿ ಗಾತ್ರದ ಕಾವು ಮೀಟರು ಬಂತು. ಪಾಲು ಮೀರಿದ ಕಟ್ಟಡದ ಯಂತ್ರವನ್ನು ಕಚೇರಿ ಕೂತಲ್ಲಿಂದಲೇ ನಿಧಾನ ಮಾಡಬಹುದಿತ್ತು. ಒಂದು ಬೇಸಿಗೆಯಲ್ಲಿ ನಲವತ್ತು ದಿನ ಮೀರಿದರೆ ಆ ಉದ್ಯೋಗ ಊರೊಳಗಿಂದ ಎದ್ದು ಹೋಗಬೇಕಿತ್ತು.

ಜನ ಹೊಂದಿಕೊಂಡಿದ್ದರು. ಶಾಲೆ ಬೆಳಗಿನ ಐದೂವರೆಗೆ ಶುರುವಾಗಿ ಹತ್ತಕ್ಕೆ ಬಿಡುತ್ತಿತ್ತು. ಬಹುತೇಕ ಮನೆಗಳಲ್ಲಿ ಒಂದೇ ಒಂದು ಚಿಕ್ಕ ತಂಪು ಕೋಣೆ. ಹನ್ನೆರಡರಿಂದ ನಾಲ್ಕರವರೆಗೆ ಮನೆಮಂದಿಯೆಲ್ಲ ಅಲ್ಲೇ. ಅದು ಇಲ್ಲದವರಿಗೆ ಪಕ್ಕದ ಮನೆಯವರು ಜಾಗ ಕೊಡುತ್ತಿದ್ದರು.

ಚಕ್ಕಡಿ ಗಲ್ಲಿ ಕೆಂಪಾದ ಹತ್ತೊಂಬತ್ತನೇ ದಿನ ಬೆಳಿಗ್ಗೆ ಕಚೇರಿಗೆ ಒಬ್ಬ ಮನುಷ್ಯ ಬಂದ. ಚಂದ್ರಶಾ ಎಂದು ಹೆಸರು, ಬಸ್ ನಿಲ್ದಾಣದಲ್ಲಿ ಹಮಾಲರ ಮೇಸ್ತ್ರಿ. ಕಾರ್ಖಾನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ.

"ಮೇಡಂರೀ, ನಂದೇನು ಜಗಳ ಇಲ್ರಿ. ಅವರು ಛಲೋ ಮಂದಿ. ನಮ್ಮ ಕಾಕಾನ ಕಾಲು ಅಲ್ಲೇ ಮಾಡಿಸೇವಿ," ಎಂದ. "ಆದ್ರ ಒಮ್ಮೆ ಬಂದು ನಮ್ಮ ಗ್ವಾಡಿ ಮುಟ್ಟಿ ನೋಡ್ರಿ. ತವಾ ಆಗ್ಯದ. ಮಗಳು ಹೆರಿಗಿಗಿ ಬಂದಾಳ. ಆಕಿನ ಎಲ್ಲಿ ಮಲಗಿಸ್ಲಿ ಹೇಳ್ರಿ."

ಮಹಾನಂದಾ ಅವನ ಅರ್ಜಿ ತೆಗೆದುಕೊಂಡು ಹಿರಿಯ ಎಂಜಿನಿಯರ್ ಸೂಗೂರೇಶರ ಕೋಣೆಗೆ ಹೋದಳು. ಅವರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಇನ್ನೂ ಇಪ್ಪತ್ತೊಂದು ದಿನ ಕೆಂಪಾದ್ರ ಕಾರ್ಖಾನಿ ಏಳಬೇಕಾಗ್ತದ. ಹೊರಗಿನ ಎಸ್ಟೇಟಿನಾಗ ಜಾಗ ಅದ, ಹದಿನೆಂಟು ಕಿಲೋಮೀಟರು."

"ಕಾಲಿಲ್ಲದ ಮಂದಿ ಬಸ್ ಇಳದು ಅಲ್ಲಿತನ ಹ್ಯಾಂಗ ಹೋಗ್ಬೇಕ್ರಿ ಸರ್?"

"ಅದು ನಮ್ಮ ಫಾರ್ಮಿನಾಗ ಇಲ್ಲ, ಮಹಾನಂದಾ." ಅವರು ಕೆಟ್ಟ ಮನುಷ್ಯರಲ್ಲ, ದಣಿದ ದನಿಯಲ್ಲಿ ಹೇಳಿದರು. "ನೀ ಹಚ್ಚಿದ ಯಂತ್ರ ಸಣ್ಣದಾಯ್ತೇನು ನೋಡು. ಸಣ್ಣದಾಗಿದ್ರ ಬಿಡುವಿಲ್ಲದೆ ಓಡ್ತದ, ಮೀಟರು ಏರ್ತದ."

ಸಣ್ಣದಾಗಿರಲು ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂವತ್ತು ಟನ್ನಿನ ಯಂತ್ರ ಅದು. ಈ ಟನ್ ಎಂಬುದು ಭಾರದ ಲೆಕ್ಕವಲ್ಲ. ಒಂದು ಟನ್ ಮಂಜುಗಡ್ಡೆ ಇಡೀ ದಿನ ಕರಗುತ್ತ ಎಷ್ಟು ತಂಪು ಕೊಡುತ್ತದೋ ಅಷ್ಟು. ಅಂಥ ಮೂವತ್ತು ಗಡ್ಡೆ ಆ ಕಟ್ಟಡದೊಳಗೆ ದಿನವೂ ಕರಗುತ್ತಿದ್ದ ಹಾಗೆ. ಆದರೂ ಕಾವು ಇಳಿಯುತ್ತಿಲ್ಲವೆಂದರೆ ಏನರ್ಥ?

ಮರುದಿನ ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋದಳು.

ಹೆಂಚಿನ ಮಾಡಿನ ಹಳೆಯ ಹತ್ತಿ ಗೋದಾಮು ಅದು. ಉಸ್ತಾದ್ ಲಾಡ್ಲೆಸಾಬ್ ಬಾಗಿಲಲ್ಲೇ ಎದುರಾದರು. ಅರವತ್ತು ದಾಟಿದವರು. ಕೈ ಮೊಣಕೈವರೆಗೆ ಪ್ಲಾಸ್ಟರ್ ಬಿಳುಪು.

"ಬರ್ರಿ ಬಾಯಾರ. ಕುಂಡ್ರಿ. ಚಾ ತರಸ್ತೀನಿ."

"ಉಸ್ತಾದ್, ಮೊದಲು ಒಂದು ಹೇಳ್ರಿ. ಒಳಗ ತಂಪು ಅದನೋ ಇಲ್ಲೋ?"

ಲಾಡ್ಲೆಸಾಬ್ ಕೈಯ ಪ್ಲಾಸ್ಟರ್ ಉಜ್ಜಿಕೊಂಡರು. ಯಂತ್ರದ ಕೊರತೆ ಹೇಳಿ ಅವಳ ಮನಸ್ಸು ನೋಯಿಸಬಾರದೆಂಬ ಎಚ್ಚರ ಅವರ ಮುಖದಲ್ಲಿತ್ತು. "ತಂಪು ಏನೋ ಅದ್ರಿ. ಆದ್ರ ಹಸಿ ತಂಪು. ಬಾವಿ ಪಾವಟಿಗಿ ಮ್ಯಾಲ ಕುಂತಂಗ ಆಗ್ತದ. ಕೀಲು ನೋಯ್ತಾವ. ಅದಿರ್ಲಿ, ನಾವು ಸಹಿಸ್ತೀವಿ. ಅಚ್ಚು ಒಣಗವಲ್ವು, ಅದೇ ತ್ರಾಸು."

ಅವರು ಕಾಲು ಹೇಗೆ ಹುಟ್ಟುತ್ತದೆ ಎಂದು ತೋರಿಸಿದರು. ಕಾಲು ಕಳೆದುಕೊಂಡವರ ಮೋಟುಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಆಕಾರ ತೆಗೆಯಬೇಕು. ಆ ಟೊಳ್ಳಿಗೆ ಪ್ಲಾಸ್ಟರ್ ತುಂಬಿದರೆ ಅಚ್ಚು. ಅಚ್ಚು ಚೆನ್ನಾಗಿ ಒಣಗಿದ ಮೇಲೆ ಓವನ್ನಿನಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ, ನಡುವಿನ ಗಾಳಿ ಹೀರಿ ಬಿಗಿ ಮಾಡಬೇಕು. ಅಚ್ಚು ಹಸಿಯಾಗಿದ್ದರೆ ಬಿಸಿ ಹಾಳೆಯ ಅಡಿಯಲ್ಲಿ ಆವಿ ಎದ್ದು ಗುಳ್ಳೆ ಬೀಳುತ್ತದೆ. ಗುಳ್ಳೆ ಬಿದ್ದ ಕಾಲು ಹಾಕಿಕೊಂಡವರ ಚರ್ಮ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಮೂಲೆಯ ಹಲಗೆಗಳ ಮೇಲೆ ಅಚ್ಚುಗಳು ಸಾಲಾಗಿ ನಿಂತಿದ್ದವು. ಕೆಲವಕ್ಕೆ ಹಸಿರು ಬೂಸು ಹಿಡಿದಿತ್ತು.

"ಅದಕ್ಕ ಚಾಚಾ ಓವನ್ ಬಾಗಲ ತೆರದಿಟ್ಟು ಅದರ ಮುಂದ ಅಚ್ಚು ಇಡ್ತಾರ," ಎಂದಳು ಅಲ್ಲೇ ಕಾನಸು ಹಿಡಿದು ಪ್ಲಾಸ್ಟಿಕ್ ಅಂಚು ಉಜ್ಜುತ್ತಿದ್ದ ಹೆಂಗಸು. ಅವಳು ಗುರುಬಾಯಿ. ಹತ್ತು ವರ್ಷದ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಕೆಳಗೆ ಎಡಗಾಲು ಕಳೆದುಕೊಂಡು ಕಾಲು ಮಾಡಿಸಿಕೊಳ್ಳಲು ಬಂದವಳು ಕೆಲಸ ಕಲಿತು ಅಲ್ಲೇ ನಿಂತಿದ್ದಳು. "ಎರಡೂ ಇಪ್ಪತ್ತರಿಂದ ನಾಕರತನ. ಉಂಡು ಬಂದ ಮ್ಯಾಲ."

ಎರಡೂ ಇಪ್ಪತ್ತು, ಗೆರೆ ಕೆಂಪಾಗುವ ಹೊತ್ತು. ಮಹಾನಂದಾ ಒಂದು ಸ್ಟೂಲಿನ ಮೇಲೆ ಕೂತಳು.

ಯಂತ್ರ ಗುಡುಗುತ್ತ ಶುರುವಾಯಿತು. ಗಡಿಯಾರ ನೋಡುತ್ತಿದ್ದಳು. ಆರು ನಿಮಿಷಕ್ಕೆ ಸಭಾಂಗಣದಷ್ಟು ದೊಡ್ಡ ಆ ಜಾಗ ಮಂಜುಗಡ್ಡೆಯಂತೆ ತಣ್ಣಗಾಯಿತು, ಯಂತ್ರ ತಾನಾಗಿ ನಿಂತಿತು. ಹತ್ತು ನಿಮಿಷದಲ್ಲಿ ಕುತ್ತಿಗೆ ಜಿಗುಟು ಜಿಗುಟಾಯಿತು. ಮತ್ತೆ ಗುಡುಗು, ಮತ್ತೆ ಆರು ನಿಮಿಷ. ಎರಡು ತಾಸು ಕೂತು ನೋಡಿದ ಮೇಲೆ ಅವಳಿಗೆ ತನ್ನ ಮುಖಕ್ಕೆ ಯಾರೋ ನೀರು ಎರಚಿದ ಹಾಗೆ ವಿಷಯ ತಿಳಿಯಿತು.

ಯಂತ್ರ ಸಣ್ಣದಲ್ಲ, ಬಹಳ ದೊಡ್ಡದು. ಗಾಳಿಯನ್ನು ತಂಪು ಮಾಡುವುದು ಬೇಗ ಆಗುವ ಕೆಲಸ. ಹಸಿ ಪ್ಲಾಸ್ಟರಿನಿಂದ ಗಾಳಿಗೆ ಸೇರಿದ ನೀರನ್ನು ಹಿಂಡಿ ತೆಗೆಯುವುದು ನಿಧಾನದ ಕೆಲಸ. ಯಂತ್ರದ ತಣ್ಣನೆಯ ಕೊಳವೆಗಳ ಮೇಲೆ ಹನಿ ಕಟ್ಟಬೇಕು, ಹನಿ ಕೂಡಿ ಹರಿದು ಹೋಗಬೇಕು. ಆರೇ ನಿಮಿಷಕ್ಕೆ ನಿಂತುಬಿಡುವ ಯಂತ್ರದಲ್ಲಿ ಕಟ್ಟಿದ ಹನಿ ಹರಿಯುವ ಮೊದಲೇ ಮತ್ತೆ ಗಾಳಿಗೆ ಸೇರುತ್ತಿತ್ತು. ಗಾಳಿ ಹಸಿಯಾಗಿಯೇ ಉಳಿಯಿತು, ಅಚ್ಚು ಒಣಗಲಿಲ್ಲ. ಅಚ್ಚು ಒಣಗಿಸಲು ಇವರು ಓವನ್ ತೆರೆದರು. ಆ ಕಾವನ್ನು ತೆಗೆಯಲು ಯಂತ್ರ ತನ್ನೊಳಗಿನ ಹತ್ತತ್ತು ಟನ್ನಿನ ಮೂರೂ ಕಂಪ್ರೆಸರ್ ಎಂಜಿನು ಹಚ್ಚಿ ಓಡಿತು, ತೆಗೆದದ್ದನ್ನೆಲ್ಲ ಚಕ್ಕಡಿ ಗಲ್ಲಿಗೆ ಸುರಿಯಿತು. ಒಂದೇ ಮನೆಯಲ್ಲಿ ಒಬ್ಬರು ಒಲೆ ಹಚ್ಚಿ ಇನ್ನೊಬ್ಬರು ನೀರು ಹೊಯ್ದ ಹಾಗೆ ನಾಲ್ಕು ವರ್ಷ ನಡೆದಿತ್ತು. ಈ ವರ್ಷದ ಬಿಸಿಲಿಗೆ ಮೀಟರು ಪಾಲು ದಾಟಿತ್ತು.

ಅಂದು ಮಧ್ಯಾಹ್ನ ಮನೆಯ ತಂಪು ಕೋಣೆಯಲ್ಲಿ ಅವಳು ಹಳೆಯ ಲೆಕ್ಕದ ಹಾಳೆಗಳನ್ನು ಚಾಪೆಯ ಮೇಲೆ ಹರಡಿದಳು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಗಂಡ ಮಲ್ಕಣ್ಣ ಶಾಲೆ ಮಾಸ್ತರ. ಮಕ್ಕಳ ಗಣಿತ ತಿದ್ದುತ್ತಿದ್ದವನು ಬಗ್ಗಿ ಈ ಹಾಳೆ ನೋಡಿದ.

"ನಲವತ್ತು ಮಂದಿ ಅಂತ ಬರದಾರ. ಅಷ್ಟು ಮಂದಿ ಇದ್ದಾರೇನು ಅಲ್ಲಿ?"

"ಹದಿನಾಲ್ಕು."

"ಮತ್ತ ನಲವತ್ತು ಎಲ್ಲಿಂದ ಬಂತು?"

"ಬಾಗಲ ಮ್ಯಾಲ ಬೋರ್ಡ್ ಇತ್ತು, ಕಾರ್ಮಿಕರ ಸಂಖ್ಯೆ ನಲವತ್ತು ಅಂತ. ಗೋದಾಮು ಇದ್ದಾಗಿನ ಬೋರ್ಡು."

ಮಲ್ಕಣ್ಣ ಇನ್ನೂ ಕೆಳಗೆ ಓದಿದ. ಓವನ್ ದಿನವಿಡೀ ಪೂರ್ತಿ ಉರಿಯುತ್ತದೆ, ಎಲ್ಲ ಕಿಟಕಿಗೂ ಒಮ್ಮೆಲೇ ಬಿಸಿಲು ಬೀಳುತ್ತದೆ, ಎಲ್ಲರೂ ನಿಂತೇ ದುಡಿಯುತ್ತಾರೆ. ಎಲ್ಲವೂ ಅತಿ ಹೆಚ್ಚು ಎಷ್ಟಾಗಬಹುದೋ ಅಷ್ಟು. ಕೊನೆಯಲ್ಲಿ ಕಾಲು ಪಾಲು ಹೆಚ್ಚುವರಿ, ಅದರ ಮೇಲೆ ಮತ್ತೂ ಕಾಲು ಪಾಲು.

"ಎರಡ ಸಲ ಯಾಕ ಕೂಡಿಸ್ಯಾರ? ಯಾರು ಮಾಡಿದ್ದು ಇದು?"

"ನಾನೇ," ಎಂದಳು ಮಹಾನಂದಾ. "ಒಂದು ಸಲ ಬಿಸಿಲಿಗಿ ಅಂಜಿ. ಇನ್ನೊಂದು ಸಲ ಸಾಹೇಬ್ರಿಗಿ ಅಂಜಿ. ಕಡಿಮಿ ಬಿತ್ತು ಅಂತ ಯಾರೂ ಅನ್ನಬಾರದು ಅಂತ."

ಮಲ್ಕಣ್ಣ ತನ್ನ ನೋಟ್‌ಬುಕ್ ತೆಗೆದ. ಒಂದು ಖಾಲಿ ಹಾಳೆ ಹರಿದು ಅವಳ ಮುಂದೆ ಇಟ್ಟ.

ಮರುದಿನದಿಂದ ಅವಳು ಎಣಿಸಲು ಕೂತಳು. ಓವನ್ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ, ಎಷ್ಟು ಹೊತ್ತು ತೆರೆದಿರುತ್ತದೆ. ಯಾರು ಕೂತು ಕೆಲಸ ಮಾಡುತ್ತಾರೆ, ಯಾರು ನಿಂತು. ಬಿಸಿಲು ಯಾವ ಕಿಟಕಿಗೆ ಯಾವಾಗ ಬರುತ್ತದೆ. ಸುಮ್ಮನೆ ಕೂತ ಮನುಷ್ಯ ಹಳೆಯ ಕಾಲದ ಒಂದು ಗುಂಡು ಬಲ್ಬಿನಷ್ಟು ಕಾವು ಬಿಡುತ್ತಾನೆ. ಗರಗಸ ಎಳೆಯುವವನು ಎರಡು ಬಲ್ಬು. ಕಚೇರಿ ಕೆಲಸಕ್ಕೆಂದು ಅವಳು ಎದ್ದು ಹೋದಾಗ ಲೆಕ್ಕ ತಪ್ಪುತ್ತಿತ್ತು. ಅದನ್ನು ಗುರುಬಾಯಿ ಗಮನಿಸಿದಳು.

"ಎಣಿಸೋದು ನನಗ ಬಿಡ್ರಿ ಅಕ್ಕಾರ. ನೀವು ಬರ್ತೀರಿ ಹೋಗ್ತೀರಿ. ನಾ ಇಲ್ಲೇ ಇರ್ತೀನಲ್ಲ."

ಅವಳ ಎಣಿಕೆ ಮಹಾನಂದಾಳದ್ದಕ್ಕಿಂತ ಚೆನ್ನಾಗಿತ್ತು. ಹಾಳೆಗಾಗಿ ಓವನ್ ತೆರೆದದ್ದು ಹನ್ನೊಂದು ಸಲ, ಒಂದೊಂದು ಸಲ ನಾಲ್ಕು ನಿಮಿಷ ಎಂದಷ್ಟೇ ಬರೆಯಲಿಲ್ಲ. 'ಲಾಡ್ಲೆ ಚಾಚಾ ತೆಗೆದರೆ ಮೂರು ನಿಮಿಷ, ಇಮಾಮ್ ತೆಗೆದರೆ ಆರು, ಅವನು ಹಾಳೆ ಹುಡುಕುತ್ತಾನೆ' ಎಂದು ಬರೆದಳು. 'ಮುಂಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಊರುಗೋಲಿನವರಿಗೆ ತಳ್ಳಲು ಆಗುವುದಿಲ್ಲ' ಎಂದೂ ಬರೆದಳು. ಎಂಟು ದಿನದ ಎಣಿಕೆ ಮುಗಿದಾಗ ಕಟ್ಟಡಕ್ಕೆ ನಿಜವಾಗಿ ಬೇಕಾದ ತಂಪು ಒಂಬತ್ತೂವರೆ ಟನ್ ಎಂದು ಬಂತು. ಮಹಾನಂದಾ ಮೂರು ಸಲ ಲೆಕ್ಕ ಹಾಕಿದಳು. ಮೂರು ಸಲವೂ ಅಷ್ಟೇ.

ಆದರೆ ಅದರಿಂದ ಅರ್ಧ ತೊಂದರೆ ಮಾತ್ರ ಬಗೆಹರಿಯುತ್ತಿತ್ತು. ಅಚ್ಚು ಒಣಗಿಸಲು ಕಾವು ಬೇಕೇ ಬೇಕು. ಅದಕ್ಕೆ ಬೇರೆ ಹೀಟರ್ ಹಾಕಿದರೆ ಮೀಟರು ಮತ್ತೆ ಏರುತ್ತದೆ. ಈ ಚಿಂತೆಯಲ್ಲೇ ಅವಳು ಅಂದು ಗೋಡೆ ಅಳೆಯಲು ಚಂದ್ರಶಾನ ಮನೆಗೆ ಹೋದಳು. ಕಾರ್ಖಾನೆಯ ಬಿಸಿಗಾಳಿಯ ಡಬ್ಬಿಗಳು ಇದ್ದದ್ದು ಆ ಗೋಡೆಯ ಪಕ್ಕದಲ್ಲೇ.

ಚಂದ್ರಶಾನ ಹೆಂಡತಿ ಸಂಗಮ್ಮ ನೀರು ಕೊಟ್ಟಳು. ಮಗಳು ಭಾಗೀರಥಿ, ಎಂಟು ತಿಂಗಳ ಬಸುರಿ, ಅಡುಗೆಮನೆಯ ಕಲ್ಲುನೆಲದ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಮಲಗಿದ್ದಳು. ಆ ಮನೆಯಲ್ಲಿ ತಂಪು ಕೋಣೆ ಇರಲಿಲ್ಲ, ಗೋಡೆ ಇದ್ದ ದೊಡ್ಡ ಕೋಣೆಯನ್ನು ಅವರು ಬಿಟ್ಟೇಬಿಟ್ಟಿದ್ದರು. ಮಹಾನಂದಾ ಗೋಡೆಗೆ ಅಂಗೈ ಇಟ್ಟು ತೆಗೆದಳು, ಆಮೇಲೆ ಮೀಟರು ಹಚ್ಚಿ ನೋಡಿದಳು. ನಲವತ್ತೊಂಬತ್ತು ಡಿಗ್ರಿ.

"ನಿಮ್ಮ ತ್ರಾಸು ನನಗ ತಿಳೀತದ," ಎಂದಳು. ಆ ಯಂತ್ರದ ಅಳತೆ ಹಾಕಿದವಳು ತಾನೇ ಎಂದೂ ಹೇಳಿದಳು. ಹೇಳದೆ ನೀರು ಕುಡಿಯುವುದು ಅವಳಿಂದಾಗಲಿಲ್ಲ.

ಸಂಗಮ್ಮ ನೀರಿನ ತಂಬಿಗೆ ಕೆಳಗಿಟ್ಟಳು. "ಒಂದು ಉಪಕಾರ ಮಾತ್ರ ಆಗ್ಯದ ನೋಡ್ರಿ ನಿಮ್ಮಿಂದ," ಎಂದಳು. ದನಿಯಲ್ಲಿ ಸಿಟ್ಟೂ ಇತ್ತು, ನಗೆಯೂ ಇತ್ತು. ದೊಡ್ಡ ಕೋಣೆಯ ಬಾಗಿಲು ತೆರೆದು ತೋರಿಸಿದಳು. ನೆಲದ ತುಂಬ ಹಳೆ ಸೀರೆ ಹಾಸಿ ಹಪ್ಪಳ ಸಂಡಿಗೆ ಹರಡಿದ್ದಳು. "ಮೊದಲೆಲ್ಲಾ ಮೂರು ದಿನ ಬಿಸಲಿಗಿ ಹಾಕಿ ಕಾಗಿ ಕಾಯ್ಬೇಕಿತ್ತು. ಈಗ ಎರಡು ತಾಸಿನಾಗ ಒಣಗ್ತಾವ. ಓಣಿ ಮಂದಿಯೆಲ್ಲಾ ಇಲ್ಲೇ ತಂದು ಹಾಕ್ತಾರ."

ಮಹಾನಂದಾ ಒಂದು ಹಪ್ಪಳ ಎತ್ತಿದಳು. ಗಟ್ಟಿಯಾಗಿ, ಸದ್ದಾಗುವಷ್ಟು ಒಣಗಿತ್ತು. ಗೋಡೆಯ ಈಚೆ ಬೇಡದ ಕಾವು ಹಪ್ಪಳ ಒಣಗಿಸುತ್ತಿದೆ. ಗೋಡೆಯ ಆಚೆ ಬೇಕಾದ ಕಾವಿಲ್ಲದೆ ಅಚ್ಚುಗಳು ಬೂಸು ಹಿಡಿಯುತ್ತಿವೆ. ಕಚೇರಿಯಲ್ಲಿ ತಂಪಿಗೆ ಒಂದು ಫಾರ್ಮು, ಕಾವಿಗೆ ಇನ್ನೊಂದು ಫಾರ್ಮು. ಎರಡನ್ನೂ ತುಂಬಿದವಳು ಅವಳೇ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಜನರಿಂದ ತೆಗೆದ ಕಾವನ್ನು ಬೀದಿಗೆ ಏಕೆ ಎಸೆಯಬೇಕು, ಅಚ್ಚಿನ ಕೋಣೆಗೆ ಕೊಟ್ಟರಾಯಿತಲ್ಲ?

ಯೋಜನೆ ಸರಳವಾಗಿತ್ತು. ಮೂರು ಕಂಪ್ರೆಸರುಗಳಲ್ಲಿ ಎರಡನ್ನು ಆರಿಸುವುದು. ಉಳಿದ ಒಂದರ, ಅಂದರೆ ಹತ್ತು ಟನ್ನಿನ, ಬಿಸಿ ಕೊಳವೆಯನ್ನು ಗಲ್ಲಿಯ ಕಡೆಯಿಂದ ಬಿಚ್ಚಿ ಕಟ್ಟಡದ ಇನ್ನೊಂದು ತುದಿಯಲ್ಲಿದ್ದ ಖಾಲಿ ಉಗ್ರಾಣಕ್ಕೆ ಎಳೆಯುವುದು. ಅಲ್ಲಿ ಅಚ್ಚುಗಳು ಒಣಗಲಿ. ಅವುಗಳ ನೀರು ಆವಿಯಾಗಿ ಚಿಮಣಿಯಿಂದ ಮಾಡಿನ ಮೇಲೆ ಹೋಗಲಿ. ಮಿಕ್ಕಿದ ಕಾವಿನಿಂದ ಪ್ಲಾಸ್ಟರ್ ಕಲಸುವ ನೀರು ಬಿಸಿಯಾಗಲಿ. ಅದಕ್ಕೂ ಮಿಕ್ಕಿದ್ದು ಮಾತ್ರ ಹೊರಗೆ, ಅದೂ ಗಲ್ಲಿಗಲ್ಲ, ಮಾಡಿನ ಮೇಲಕ್ಕೆ. ಓವನ್ನಿಗೆ ಒಂದು ಗೂಡು ಕಟ್ಟಿ ಅದರ ಕಾವು ಅದಕ್ಕೇ ಇರುವಂತೆ ಮಾಡುವುದು. ಹೆಂಚಿಗೆ ಸುಣ್ಣ.

ಸೂಗೂರೇಶರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮೂವತ್ತು ಟನ್ನಿನಾಗ ಬಗಿಹರಿಯದ್ದು ಹತ್ತು ಟನ್ನಿನಾಗ ಬಗಿಹರೀತದ ಅಂತೀ?"

"ಹೌದ್ರಿ ಸರ್."

"ನಲವತ್ತೈದು ಡಿಗ್ರಿ, ಮ್ಯಾಲ ಮೋಡ, ಗಾಳಿ ಇಲ್ಲ. ಅಂಥಾ ದಿನ ಯಾರರೆ ತಲಿ ತಿರುಗಿ ಬಿದ್ರ?"

"ಅಂಥಾ ದಿನಾನೇ ನೀವು ಬಂದು ನೋಡ್ರಿ. ಉಳಿದ ಎರಡು ಎಂಜಿನು ಬಿಚ್ಚಂಗಿಲ್ಲ, ಸ್ವಿಚ್ ಅಲ್ಲೇ ಇರ್ತದ."

ಸೂಗೂರೇಶರು ಹಾಳೆ ಮಡಚಿದರು. ಕೆಟ್ಟ ಮೇ ತಿಂಗಳಲ್ಲಿ ಅವರು ತಮ್ಮ ಅಣ್ಣನನ್ನು ಕಳೆದುಕೊಂಡಿದ್ದರು ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಮಾಡು," ಎಂದರು ಕೊನೆಗೆ. "ಆದ್ರ ಆವತ್ತು ನಾ ಸ್ವಿಚ್ಚಿನ ಹತ್ರನೇ ನಿಂದರ್ತೀನಿ."

ಕೊಳವೆ ಬದಲಿಸುವಾಗ ಇನ್ನೂ ಏಳು ದಿನ ಗಲ್ಲಿ ಕೆಂಪಾಯಿತು. ಮೇ ಮೂರನೇ ವಾರದ ಹೊತ್ತಿಗೆ ಎಣಿಕೆ ಮೂವತ್ತೆಂಟಕ್ಕೆ ಬಂದು ನಿಂತಿತ್ತು. ಕೆಲಸ ಮುಗಿದದ್ದು ಶುಕ್ರವಾರ. ಸೋಮವಾರ ಬೆಳಿಗ್ಗೆ ಆಕಾಶಕ್ಕೆ ಬೂದಿ ಬಣ್ಣದ ಮೋಡ ಕವಿಯಿತು, ಮಳೆಯ ಲಕ್ಷಣವಿಲ್ಲ. ಒಂದು ಎಲೆ ಅಲುಗುತ್ತಿರಲಿಲ್ಲ. ಹನ್ನೊಂದಕ್ಕೇ ನಲವತ್ನಾಲ್ಕು ಡಿಗ್ರಿ. ಸೂಗೂರೇಶರು ಹೇಳಿದಂತೆಯೇ ಬಂದು ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಸಿಕೊಂಡರು.

ಯಂತ್ರ ಶುರುವಾಯಿತು, ನಿಲ್ಲಲಿಲ್ಲ. ಗುಡುಗಿಲ್ಲದೆ ಒಂದೇ ಸಮನೆ ಗುಂಯ್‌ಗುಡುತ್ತ ಓಡಿತು. ಅದರ ಬುಡದ ಕೊಳವೆಯಿಂದ ನೀರು ಸಣ್ಣಗೆ ಬಕೆಟ್ಟಿಗೆ ಬೀಳತೊಡಗಿತು. ಹನ್ನೆರಡಕ್ಕೆ ಒಳಗೆ ಇಪ್ಪತ್ತೇಳು ಡಿಗ್ರಿ. ಉಗ್ರಾಣದಲ್ಲಿ ನಲವತ್ತಾರು, ಅಚ್ಚುಗಳು ಬಿಳಿಚಿಕೊಂಡು ಹಗುರಾಗುತ್ತಿದ್ದವು.

ಒಂದು ಗಂಟೆಗೆ ಮುಂಬಾಗಿಲಲ್ಲಿ ಗದ್ದಲ ಕೇಳಿತು. ಚಿಂಚೋಳಿ ಕಡೆಯ ಹಳ್ಳಿಗಳಿಂದ ಒಂದು ಬಸ್ಸಿನ ತುಂಬ ಜನ ಕಾಲಿನ ಅಳತೆಗೆ ಬಂದಿದ್ದರು. ಬುಧವಾರ ಬರಬೇಕಾದವರು, ಬಸ್ ಸಿಕ್ಕಿತೆಂದು ಸೋಮವಾರವೇ ಹೊರಟು ಬಂದಿದ್ದರು. ಊರುಗೋಲು ಹಿಡಿದವರು, ಮಕ್ಕಳ ಹೆಗಲ ಮೇಲೆ ಕೈ ಹಾಕಿದವರು, ಒಟ್ಟು ಮೂವತ್ತೊಂದು ಮಂದಿ. ಲಾಡ್ಲೆಸಾಬ್ ಮಹಾನಂದಾಳ ಮುಖ ನೋಡಿದರು.

"ಹೊರಗ ನಿಂದ್ರಸೋದು ಆಗಂಗಿಲ್ಲ ಬಾಯಾರ, ಇಂಥಾ ಧಗಿಯಾಗ."

"ಎಲ್ಲಾರ್ನೂ ಒಳಗ ಕರೀರಿ ಉಸ್ತಾದ್," ಎಂದಳು ಮಹಾನಂದಾ. ಮನಸ್ಸು ಮಾತ್ರ ಆಗಲೇ ಲೆಕ್ಕ ಹಾಕುತ್ತಿತ್ತು: ಮೂವತ್ತೊಂದು ಬಲ್ಬು, ಹೆಚ್ಚುಕಡಿಮೆ ಒಂದು ಟನ್ ಕಾವು. ಅವಳು ಉಳಿಸಿಕೊಂಡಿದ್ದ ಹೆಚ್ಚುವರಿ ಅರ್ಧ ಟನ್.

ಇಪ್ಪತ್ತೆಂಟು. ಇಪ್ಪತ್ತೆಂಟೂವರೆ. ಜನ ಗೋಡೆಗುಂಟ ಚಾಪೆಗಳ ಮೇಲೆ ಕೂತರು. ಎರಡು ಗಂಟೆಗೆ ಇಪ್ಪತ್ತೊಂಬತ್ತೂವರೆ. ಸೂಗೂರೇಶರು ಕುರ್ಚಿಯಿಂದ ಎದ್ದರು.

"ಸಾಕು ಮಹಾನಂದಾ. ಮೂವತ್ತು ದಾಟಿದ ಮ್ಯಾಲ ಹಚ್ಚಿ ಉಪಯೋಗ ಇಲ್ಲ." ಅವರ ಕೈ ಸ್ವಿಚ್ಚಿನ ಮೇಲಿತ್ತು.

"ಐದು ನಿಮಿಷ ತಡೀರಿ ಸರ್."

"ಮುದುಕರು ಅದಾರ, ಸಣ್ಣ ಹುಡುಗ್ರು ಅದಾರ."

"ಅದಕ್ಕೇ ಅವರನ್ನೇ ಕೇಳೂಣು ಅಂತೀನಿ."

ಲಾಡ್ಲೆಸಾಬ್ ಯಾರ ಅಪ್ಪಣೆಯನ್ನೂ ಕಾಯದೆ ಓವನ್ ಆರಿಸಿದರು. "ಅರ್ಧ ತಾಸು ಹಾಳಿ ಕೆಲಸ ಬ್ಯಾಡ. ಎಲ್ಲಾರೂ ಅಳತಿ ತಗೋರಿ," ಎಂದರು. ಗುರುಬಾಯಿ ಮೇಲಿನ ನಾಲ್ಕು ಪಂಖಾಗಳನ್ನು ಹಚ್ಚಿದಳು. ಮಹಾನಂದಾ ಒಬ್ಬೊಬ್ಬರ ಮುಂದೆಯೂ ಕುಕ್ಕರಗಾಲಲ್ಲಿ ಕೂತಳು. ಒಬ್ಬ ಮುದುಕಿ, ಹಣಮವ್ವ, ಸಕ್ಕರೆ ಕಾಯಿಲೆಯಿಂದ ಮೊಣಕಾಲ ಕೆಳಗೆ ಕಳೆದುಕೊಂಡವಳು, ಗೋಡೆಗೆ ತಲೆ ಆನಿಸಿದ್ದಳು.

"ಯವ್ವಾ, ಏನರೆ ಆಗ್ಲಕತ್ತದೇನು? ಸಂಕಟ? ತಲಿ ನೋವು?"

"ಯಾಕ ಎಬ್ಬಿಸ್ದಿ ತಂಗಿ?" ಎಂದಳು ಹಣಮವ್ವ ಕಣ್ಣು ತೆರೆದು. "ಬಸ್ಸಿನಾಗ ಬೆವರಿಗಿ ಸೀರಿ ಎಲ್ಲಾ ತೊಯ್ದಿತ್ತು. ಇಲ್ಲಿ ಕುಂತು ಒಣಗಿಸ್ಕೊಂಡೆ. ಈಗ ಜರಾ ನಿದ್ದಿ ಹತ್ತಿತ್ತು."

ಸೂಗೂರೇಶರು ಆ ಮಾತು ಕೇಳಿದರು. ತಮ್ಮ ಅಂಗಿಯ ಬೆನ್ನಿಗೆ ಕೈ ಹಾಕಿ ನೋಡಿಕೊಂಡರು. ಒಣಗಿತ್ತು. ಗೋಡೆಯ ಮೇಲಿನ ಇನ್ನೊಂದು ಮೀಟರಿನಲ್ಲಿ ಗಾಳಿಯ ಹಸಿ ನೂರಕ್ಕೆ ನಲವತ್ತೊಂದು. ಹಿಂದಿನ ತಿಂಗಳು, ಇಪ್ಪತ್ತೈದು ಡಿಗ್ರಿಯ ತಂಪಿನಲ್ಲಿ, ಅದೇ ಮೀಟರು ಎಂಬತ್ತೆರಡು ತೋರಿಸಿತ್ತು. ಒಣ ಗಾಳಿಯಲ್ಲಿ ಮೈಯ ಬೆವರು ಆರುತ್ತದೆ, ಮೈ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಕಚೇರಿಯ ಕೋಷ್ಟಕದಲ್ಲಿ ಡಿಗ್ರಿಗೆ ಒಂದು ಅಂಕಣವಿತ್ತು. ಹಸಿಗೆ ಇರಲಿಲ್ಲ.

ಮೂವತ್ತು ಡಿಗ್ರಿಗೆ ಬಂದು ಮುಳ್ಳು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಎರಡೂ ಇಪ್ಪತ್ತು ದಾಟಿತು. ಸೂಗೂರೇಶರು ಎಡಗೈಯಿಂದ ಕಚೇರಿಗೆ ಫೋನ್ ಮಾಡಿದರು. ಬಲಗೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಚಕ್ಕಡಿ ಗಲ್ಲಿ ಏನು ಬಣ್ಣ ಅದ?" ಎಂದು ಕೇಳಿದರು. ಆಚೆಯಿಂದ ಬಂದ ಉತ್ತರ ಕೇಳಿ, "ಇನ್ನೊಮ್ಮೆ ನೋಡು," ಎಂದರು. ಮತ್ತೆ ಕೇಳಿದರು. ಫೋನ್ ಇಟ್ಟು ಮಹಾನಂದಾಳ ಕಡೆ ತಿರುಗಿದರು. "ಹಳದಿ ಅಂತ," ಎಂದು ಹೇಳಿ ಬಲಗೈ ತೆಗೆದು ಜೇಬಿಗೆ ಹಾಕಿಕೊಂಡರು.

ಅಂದು ಸಂಜೆಯ ಹೊತ್ತಿಗೆ ಮೂವತ್ತೊಂದು ಮಂದಿಯ ಅಳತೆ ಮುಗಿಯಿತು. ಯಾರೂ ಬೀಳಲಿಲ್ಲ. ಆ ಬೇಸಿಗೆ ಮುಗಿಯುವವರೆಗೆ ಗಲ್ಲಿ ಮತ್ತೆ ಕೆಂಪಾಗಲಿಲ್ಲ. ಭಾಗೀರಥಿಗೆ ಜೂನ್ ಮೂರನೇ ವಾರ ಹೆಣ್ಣುಮಗು ಹುಟ್ಟಿತು. ಅವಳು ಬಾಣಂತನಕ್ಕೆ ಮಲಗಿದ್ದು ದೊಡ್ಡ ಕೋಣೆಯಲ್ಲೇ. ಸಂಗಮ್ಮ ಮಾತ್ರ ಓಣಿಯ ಹೆಂಗಸರ ಮುಂದೆ, ಈ ವರ್ಷ ಹಪ್ಪಳಕ್ಕೆ ಬಿಸಿಲನ್ನೇ ನಂಬಬೇಕಾಯಿತು ಎಂದು ಗೊಣಗಿದಳು.

ವರದಿ ಬರೆಯುವಾಗ ಸೂಗೂರೇಶರು ಮಹಾನಂದಾಳನ್ನು ಒಳಗೆ ಕರೆದರು.

"ಎಲ್ಲಾ ಛಲೋ ಬರದೀ. ಈ ಮೊದಲನೇ ಸಾಲು ಯಾಕ? 'ಮೂಲ ಅಳತೆಯಲ್ಲಿ ನಾನು ಮಾಡಿದ ತಪ್ಪು' ಅಂತ. 'ಸುಧಾರಣೆ' ಅಂತ ಬರಿ. ನಿನ್ನ ಬಡ್ತಿ ಫೈಲು ಮ್ಯಾಲ ಹೋಗ್ಯದ."

ಬಡ್ತಿಯ ಆಸೆ ಮಹಾನಂದಾಳಿಗೂ ಇತ್ತು. "ಸರ್, ಸುಧಾರಣೆ ಅಂದ್ರ ಇದೊಂದೇ ಕಟ್ಟಡ ಸುಧಾರಿಸ್ತದ," ಎಂದಳು. "ತಪ್ಪು ಅಂತ ಬರದ್ರ, ಅದೇ ಕೋಷ್ಟಕ ನೋಡಿ ಅಳತಿ ಹಾಕಿದ ಎಲ್ಲಾ ಕಟ್ಟಡಾನೂ ತಗದು ನೋಡಬೇಕಾಗ್ತದ."

"ಎಷ್ಟು ಅವ ಅಂಥವು?"

"ಎರಡು ನೂರಾ ಹನ್ನೆರಡು. ನಿನ್ನೆ ಎಣಿಸಿದೆ."

ಸೂಗೂರೇಶರು ವರದಿಯನ್ನು ಹಾಗೇ ಸಹಿ ಮಾಡಿದರು. ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಕೋಷ್ಟಕಕ್ಕೆ ಹೊಸ ಅಂಕಣ ಬಂತು. ತಂಪಿನ ಫಾರ್ಮೂ ಕಾವಿನ ಫಾರ್ಮೂ ಒಂದೇ ಆಯಿತು. ಆದರೆ ಒಂದೊಂದು ಕಟ್ಟಡದಲ್ಲೂ ಎಂಟೆಂಟು ದಿನ ಕೂತು ಎಣಿಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ಎಂಜಿನಿಯರುಗಳಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮಹಾನಂದಾ ಒಂದು ಹೆಸರು ಬರೆದುಕೊಟ್ಟಳು. ಲಾಡ್ಲೆಸಾಬ್ ತಮ್ಮ ಒಳ್ಳೆಯ ಕೆಲಸಗಾರ್ತಿಯನ್ನು ಬಿಟ್ಟುಕೊಡಲು ಎರಡು ದಿನ ಮುಖ ಸಿಂಡರಿಸಿ, ಮೂರನೇ ದಿನ ತಾವೇ ಅವಳಿಗೆ ಹೊಸ ಕಾಲು ಕಟ್ಟಿಕೊಟ್ಟರು.

ಪಟ್ಟಿಯಲ್ಲಿ ಮೊದಲನೆಯದು ಊರಿನ ಇನ್ನೊಂದು ತುದಿಯ ಹೊಲಿಗೆ ಕಾರ್ಖಾನೆ. ಐವತ್ತು ಹೆಂಗಸರು ಆಸ್ಪತ್ರೆಯ ಬಟ್ಟೆ ಹೊಲಿಯುವ ಜಾಗ. ಬೆಳಿಗ್ಗೆ ಐದಕ್ಕೆ ಗುರುಬಾಯಿ ಒಳಗೆ ಕಾಲಿಟ್ಟಾಗ ಯಂತ್ರ ಗುಡುಗಿ ಆಗಷ್ಟೇ ನಿಂತಿತ್ತು. ಹೆಂಗಸರು ಶಾಲು ಹೊದ್ದು ಹೊಲಿಯುತ್ತಿದ್ದರು. ಕಾವು ಕಚೇರಿಯ ಬಿಲ್ಲೆ ನೋಡಿ ಒಬ್ಬಾಕೆ ಹೊಲಿಗೆ ನಿಲ್ಲಿಸಿದಳು.

"ಏನು ತಂದೀರಿ? ಹೊಸಾ ಮಷೀನು ಹಚ್ಚತೀರೇನು?"

"ಏನೂ ತಂದಿಲ್ಲ ಅಕ್ಕಾ," ಎಂದಳು ಗುರುಬಾಯಿ. "ಎಂಟು ದಿನ ನಿಮ್ಮ ಕೂಡ ಕುಂಡ್ರಲಾಕ ಬಂದೀನಿ."

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಟ್ಟೆಯ ಗಂಟನ್ನು ಪಕ್ಕಕ್ಕೆ ಸರಿಸಿ, ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು.